ನಲವತ್ತೊಂದನ್ನು ಹದಿನಾಲ್ಕು ಮಾಡಿದ್ದು

ನಿಮ್ಮ ಅಂಕಗಳನ್ನು ತಿರುಚಿದವನು ನಾನು, ನಸೀಮಾ. ಐವತ್ತಕ್ಕೆ ನಲವತ್ತೊಂದು ಬಂದಿತ್ತು ನಿಮಗೆ. ನಾನು ಹದಿನಾಲ್ಕು ಎಂದು ಬರೆದೆ. ಕೈತಪ್ಪಿ ಅಲ್ಲ. ಆ ಎರಡು ಅಂಕಿಗಳನ್ನೇ ಉಳಿಸಿಕೊಂಡದ್ದಕ್ಕೂ ಕಾರಣವಿತ್ತು. ಯಾರಾದರೂ ಎಂದಾದರೂ ಕೇಳಿದರೆ, ಪಟ್ಟಿಗೆ ಇಳಿಸುವಾಗ ನಾಲ್ಕು ಮತ್ತು ಒಂದು ಹಿಂದುಮುಂದಾಗಿವೆ ಎನ್ನಬಹುದಿತ್ತು. ತಪ್ಪು ಮಾಡುವ ಮೊದಲೇ ಅದರ ಸಮರ್ಥನೆಯನ್ನು ಸಿದ್ಧ ಮಾಡಿಟ್ಟುಕೊಂಡವನು ನಾನು. ಹೈಸ್ಕೂಲಿನಿಂದ ಹಿಡಿದು ಅಷ್ಟು ವರ್ಷದ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಅದನ್ನೇ. ಯಾರೂ ಕೇಳಲಿಲ್ಲ. ನೀವಂತೂ — ನೀವು ನನಗೆ ಕೃತಜ್ಞತೆ ಹೇಳಿದಿರಿ.

ನಸೀಮಾ ನಿಮ್ಮ ನಿಜವಾದ ಹೆಸರಲ್ಲ. ಇದನ್ನು ಅಚ್ಚಿಗೆ ಕೊಡುವ ಮೊದಲು ನಿಮ್ಮ ಕೈಗೆ ಮುಟ್ಟಿಸುತ್ತೇನೆ, ಬೇಡವೆಂದರೆ ಅಚ್ಚಾಗುವುದಿಲ್ಲ. ಆದರೆ ಗುಟ್ಟಾಗಿ ನಿಮ್ಮೊಬ್ಬರ ಕಿವಿಯಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ನಿಮ್ಮನ್ನು ಮಂದ ಎಂದು ಕರೆದದ್ದು ತುಂಬಿದ ತರಗತಿಯಲ್ಲಿ. ತಪ್ಪೊಪ್ಪಿಗೆ ಮಾತ್ರ ಮುಚ್ಚಿದ ಲಕೋಟೆಯಲ್ಲಿ ಬಂದರೆ, ಅದೂ ನನ್ನ ಇನ್ನೊಂದು ಜಾಣತನವಾಗುತ್ತದೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಹೇಳುತ್ತಿದ್ದೇನೆ, ಗೊತ್ತಿಲ್ಲದವರಿಗಾಗಿ.

ನಾಲ್ಕು ವರ್ಷದ ಹಿಂದೆ ನೀವು ಧಾರವಾಡಕ್ಕೆ ಸಮಾಜಶಾಸ್ತ್ರದ ಎಂ.ಎ.ಗೆ ಬಂದಾಗ ನಾನು ಅದೇ ವಿಭಾಗದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ಆ ವರ್ಷ ವಿಭಾಗಕ್ಕೆ ಹೊಸದೊಂದು ಕೆಲಸ ಬಂದಿತ್ತು. ವಿದ್ಯಾರ್ಥಿಗಳು ಎಂಥ ಮನೆಗಳಿಂದ ಬರುತ್ತಾರೆ, ಎರಡು ವರ್ಷದಲ್ಲಿ ಎಷ್ಟು ಕಲಿತು ಹೋಗುತ್ತಾರೆ ಎಂಬುದನ್ನು ಅಳೆದು, ಪರಿಶೀಲನೆಗೆ ಬರುವ ಸಮಿತಿಯ ಮುಂದಿಡಬೇಕಿತ್ತು. ಅದಕ್ಕೆ ಹೆಡ್ ಸರ್ ಒಂದು ಪದ್ಧತಿ ಮಾಡಿದರು. ಸೇರಿದ ಮೊದಲ ವಾರ ಎಲ್ಲರೂ ಒಂದು ಹಿನ್ನೆಲೆ ಪತ್ರ ತುಂಬಬೇಕು: ಅಪ್ಪ ಎಷ್ಟು ಓದಿದ್ದಾರೆ, ಅವ್ವ ಎಷ್ಟು ಓದಿದ್ದಾರೆ, ಮನೆಯಲ್ಲಿ ಪತ್ರಿಕೆ ಬರುತ್ತದೆಯೇ, ಓದಲು ಬೇರೆ ಕೋಣೆ ಇದೆಯೇ. ಅದೇ ದಿನ ಒಂದು ತಾಸಿನ ಪ್ರಬಂಧ. ಕೊನೆಯ ಸೆಮಿಸ್ಟರಿನಲ್ಲಿ ಅದೇ ಪ್ರಶ್ನೆಗೆ ಇನ್ನೊಂದು ಪ್ರಬಂಧ. ಮೊದಲಿನ ಅಂಕಕ್ಕೂ ಕೊನೆಯ ಅಂಕಕ್ಕೂ ಇರುವ ಅಂತರವೇ ವಿಭಾಗ ಕಲಿಸಿದ್ದು ಎಂದು ಲೆಕ್ಕ. ಈ ಅಂಕಗಳು ಯಾರ ಪದವಿಗೂ ಸೇರುವುದಿಲ್ಲವಾದ್ದರಿಂದ ಪೇಪರು ನೋಡುವ ಕೆಲಸ ಯಾವ ಅಧ್ಯಾಪಕರಿಗೂ ಬೇಕಿರಲಿಲ್ಲ. ನನಗೆ ಬಂತು.

ಪ್ರಶ್ನೆ ಬರೆದವನೂ ನಾನೇ. "ಬಡ ಹಿನ್ನೆಲೆಯ ವಿದ್ಯಾರ್ಥಿಗಳು ಉನ್ನತ ಶಿಕ್ಷಣದಲ್ಲಿ ಹಿಂದುಳಿಯಲು ಕಾರಣಗಳೇನು? ಚರ್ಚಿಸಿ." ಆ ಪ್ರಶ್ನೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಸಮತೂಕದ್ದು, ಯಾರಿಗೂ ನೋವಾಗದ್ದು ಎಂದುಕೊಂಡಿದ್ದೆ.

ಉಳಿದವರೆಲ್ಲ ಚರ್ಚಿಸಿದ್ದರು. ಬಡತನ, ಇಂಗ್ಲಿಷು, ದೂರದ ಹಳ್ಳಿ, ಓದು ಬರದ ತಾಯ್ತಂದೆ. ಒಬ್ಬರ ಪೇಪರು ಮುಗಿದು ಇನ್ನೊಬ್ಬರದು ಶುರುವಾದದ್ದೇ ತಿಳಿಯುತ್ತಿರಲಿಲ್ಲ. ನೀವು ಟೈರಿನ ಬಗ್ಗೆ ಬರೆದಿದ್ದಿರಿ.

ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಬೈಪಾಸಿಗೆ ಹತ್ತಿ ನಿಮ್ಮ ಅಬ್ಬಾನ ಗ್ಯಾರೇಜು. ದೂರ ಓಡಿ ಬಂದು ನಿಂತ ಲಾರಿಯ ಟೈರು ಬಿಸಿಯಾಗಿರುತ್ತದೆ. ಆಗ ಮೀಟರು ಹಿಡಿದರೆ ಗಾಳಿ ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ತಿಳಿಯದವನು ಹೆಚ್ಚಾದ ಗಾಳಿಯನ್ನು ಹೊರಗೆ ಬಿಟ್ಟುಬಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಟೈರು ತಣ್ಣಗಾಗಿ, ಮೆತ್ತಗಾಗಿ ಕೂತಿರುತ್ತದೆ, ಬೈಗುಳ ಟೈರಿಗೆ. ಅಬ್ಬಾ ಹಾಗೆ ಮಾಡುವುದಿಲ್ಲ, ಮೊದಲು ಟೈರಿನ ಮೇಲೆ ಅಂಗೈ ಇಡುತ್ತಾರೆ, ಆಮೇಲೆ ಡ್ರೈವರನನ್ನು ಕೇಳುತ್ತಾರೆ, ಎಲ್ಲಿಂದ ಬಂದೆ, ಎಷ್ಟು ಹೊತ್ತು ಓಡಿಸಿದೆ ಎಂದು. ಹಾಗೆ ಕೇಳುವುದು ಟೈರಿನ ಮೇಲಿನ ಕನಿಕರಕ್ಕಲ್ಲ, ಮೀಟರನ್ನು ಸರಿಯಾಗಿ ಓದುವುದಕ್ಕೆ. ವಿದ್ಯಾರ್ಥಿಯ ಹಿನ್ನೆಲೆ ಕೇಳುವುದೂ ಇದೇ ಕೆಲಸಕ್ಕೆ ಇರಬೇಕು ಎಂದು ಬರೆದಿದ್ದಿರಿ. ನಂತರ ನನ್ನ ಪ್ರಶ್ನೆಗೆ ಬಂದಿದ್ದಿರಿ. "ಈ ಪ್ರಶ್ನೆ ಬರೆದವರು ಅಳೆಯುವ ಮೊದಲೇ ತೀರ್ಮಾನ ಬರೆದುಕೊಂಡಿದ್ದಾರೆ. ಅವರು ಟೈರು ಮುಟ್ಟಿ ನೋಡಿಲ್ಲ."

ಎರಡೇ ಪುಟ. ಕಾಗುಣಿತದ ತಪ್ಪುಗಳಿದ್ದವು, ಒಂದು ಕಡೆ ವಾಕ್ಯ ಅರ್ಧಕ್ಕೆ ನಿಂತಿತ್ತು. ಆ ಪುಟಗಳನ್ನು ನಾನು ಮೂರು ಸಲ ಓದಿದೆ. ಪೆನ್ಸಿಲಿನಲ್ಲಿ ನಲವತ್ತೊಂದು ಎಂದು ಬರೆದೆ. ಉಳಿದ ಯಾರಿಗೂ ಅದರ ಹತ್ತಿರ ಹೋಗುವ ಅಂಕ ಕೊಟ್ಟಿರಲಿಲ್ಲ. ಅಷ್ಟು ಪ್ರಾಮಾಣಿಕತೆ ನನ್ನಲ್ಲಿತ್ತು — ಒಂದು ಮಧ್ಯಾಹ್ನದ ಮಟ್ಟಿಗೆ.

ಮರುದಿನ ಹೆಡ್ ಸರ್ ಪಟ್ಟಿ ನೋಡಿದರು. ನಿಮ್ಮ ಸಾಲಿನ ಮೇಲೆ ಬೆರಳಿಟ್ಟರು.

"ಈಕಿ ಮೊದಲಿಗೇ ನಲವತ್ತೊಂದು ತಗೊಂಡಾಳಲ್ಲೋ ಆನಂದ. ಎರಡು ವರ್ಷ ಆದ ಮ್ಯಾಲೆ ನಲವತ್ತೆರಡು ತಗೊಂಡ್ರ, ನಾವು ಏನ್ ಕಲಿಸಿದಂಗಾತು?"

ಅಷ್ಟೇ. ನಕ್ಕು, ಚಹಾ ಕುಡಿಯಲು ಎದ್ದು ಹೋದರು. ತಿದ್ದು ಎನ್ನಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಎಷ್ಟೋ ಸಲ ನನ್ನೊಳಗೆ ನಾನು ಆ ಮಾತನ್ನು ಆದೇಶ ಮಾಡಿಕೊಂಡಿದ್ದೇನೆ. ಅದು ಆದೇಶವಲ್ಲ, ಚೇಷ್ಟೆಯ ಮಾತು. ಅದನ್ನು ಆದೇಶವೆಂದು ಓದಿಕೊಳ್ಳುವುದು ನನಗೆ ಬೇಕಿತ್ತು.

ಏಕೆ ಬೇಕಿತ್ತು? ಇಲ್ಲಿ ನಾನು ಮೂರು ವಾದ ಹೂಡಬಲ್ಲೆ. ವಿಭಾಗದ ಮರ್ಯಾದೆ, ಪದವಿಗೆ ಸೇರದ ಅಂಕದಿಂದ ಯಾರಿಗೂ ನಷ್ಟವಿಲ್ಲ ಎಂಬುದು, ಒಂದು ಪ್ರಬಂಧದಿಂದ ಯಾರನ್ನೂ ಅಳೆಯಲಾಗದು ಎಂಬುದು. ಮೂರೂ ಗಟ್ಟಿಯಾಗಿ ನಿಲ್ಲುತ್ತವೆ. ಮೂರೂ ಸುಳ್ಳು. ನಿಜ ಇಷ್ಟೇ — ನೀವು ನನ್ನನ್ನು ಸೋಲಿಸಿದ್ದಿರಿ. ವೇದಿಕೆಯ ಮೇಲೆ ಸೋತಿದ್ದರೆ ಚಪ್ಪಾಳೆ ತಟ್ಟಿ, ಕೈ ಕುಲುಕಿ, ದೊಡ್ಡವನಾಗುತ್ತಿದ್ದೆ. ಅದು ನನಗೆ ಚೆನ್ನಾಗಿ ಬರುತ್ತದೆ. ನೀವು ಸೋಲಿಸಿದ್ದು ಯಾರೂ ನೋಡದ ಕೋಣೆಯಲ್ಲಿ, ಒಂದು ಉತ್ತರಪತ್ರಿಕೆಯಲ್ಲಿ, ನನ್ನ ಹೆಸರೂ ಗೊತ್ತಿಲ್ಲದೆ. ಯಾರೂ ನೋಡದ ಸೋಲನ್ನು ಅಳಿಸಲು ಒಂದು ರಬ್ಬರು ಸಾಕು. ನಾನು ಅಳಿಸಿದೆ. ಕೆಂಪು ಮಸಿಯಲ್ಲಿ ಹದಿನಾಲ್ಕು ಬರೆದೆ, ಪಟ್ಟಿಯಲ್ಲೂ ಹಾಗೇ ತಿದ್ದಿದೆ; ಹೆಡ್ ಸರ್ ಮತ್ತೆ ಅದರ ಮಾತು ತೆಗೆಯಲಿಲ್ಲ. ಟೈರಿನ ಮಾತಿನ ಪಕ್ಕದಲ್ಲಿ ಒಂದು ಪದವನ್ನೂ ಬರೆದೆ.

ಆಮೇಲೆ ನಿಮ್ಮ ಹಿನ್ನೆಲೆ ಪತ್ರ ತೆಗೆದು ನೋಡಿದೆ. ತಂದೆ: ಉರ್ದು ಶಾಲೆ, ನಾಲ್ಕನೇ ಇಯತ್ತೆ. ತಾಯಿ: ಓದಿಲ್ಲ. ಪತ್ರಿಕೆ: ಬರುವುದಿಲ್ಲ. ಬೇರೆ ಕೋಣೆ: ಇಲ್ಲ. ನೋಡಿ ನನಗೆ ನೆಮ್ಮದಿಯಾಯಿತು. ಇಂಥ ಮನೆಯ ಹುಡುಗಿಗೆ ಹದಿನಾಲ್ಕು ಬಂದಿದೆ ಎಂದರೆ ಸಮಿತಿಯಲ್ಲಿ ಯಾರ ಹುಬ್ಬೂ ಏರುವುದಿಲ್ಲ. ಹಿನ್ನೆಲೆ ಪತ್ರದಿಂದ ಆ ದಿನ ನಾನು ಪಡೆದ ಉಪಯೋಗ ಅದೊಂದೇ. ನಿಮ್ಮ ಅಬ್ಬಾ ಏನನ್ನು ತಿಳಿಯಲು ಡ್ರೈವರನನ್ನು ಕೇಳುತ್ತಾರೋ, ನಾನು ಅದನ್ನೇ ಕೇಳಿ ತಿಳಿದುಕೊಂಡು, ಟೈರಿನ ಗಾಳಿ ಹೊರಗೆ ಬಿಟ್ಟೆ.

ನನ್ನ ಹಿನ್ನೆಲೆಯನ್ನೂ ಹೇಳಬೇಕು. ಕನಿಕರಕ್ಕಲ್ಲ — ಅದರಿಂದ ನನ್ನ ಅಪರಾಧ ಹೆಚ್ಚೇ ಆಗುತ್ತದೆ. ನಮ್ಮದು ಉಣಕಲ್ಲಿನ ಬೌದ್ಧ ಕುಟುಂಬ. ಅಪ್ಪ ಸರಕಾರಿ ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಅವರು ಹುಡುಗರಾಗಿದ್ದಾಗ ಗಣಿತದ ಮಾಸ್ತರರೊಬ್ಬರು, ನಿನ್ನ ತಲೆಗೆ ಇದು ಹತ್ತುವುದಿಲ್ಲ, ಹಿಂದೆ ಹೋಗಿ ಕೂಡು ಎಂದಿದ್ದರಂತೆ. ಊಟದ ಹೊತ್ತಿಗೆ ಅಪ್ಪ ಈ ಮಾತು ತೆಗೆದರೆ ಇವತ್ತಿಗೂ ಅವರ ತುತ್ತು ಕೈಯಲ್ಲೇ ಉಳಿಯುತ್ತದೆ. ಆ ಕತೆಯನ್ನು ನಾನು ಬಲ್ಲೆ. ಬಲ್ಲೆ ಮಾತ್ರವಲ್ಲ, ಅದನ್ನು ವೇದಿಕೆಯ ಮೇಲೆ ಹೇಳಿ ಮೂರು ಬಹುಮಾನದ ಢಾಲು ಗೆದ್ದಿದ್ದೇನೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಬೇಕು ಎಂದು ಲೆಕ್ಕ ಹಾಕಿ. ಒಬ್ಬ ಹುಡುಗನನ್ನು ಹಿಂದಿನ ಬೆಂಚಿಗೆ ಕಳಿಸಿದರೆ ಐವತ್ತು ವರ್ಷ ಏನಾಗುತ್ತದೆ ಎಂದು ಗೊತ್ತಿದ್ದೇ ನಿಮ್ಮನ್ನು ಕಳಿಸಿದೆ.

ಪಟ್ಟಿಯನ್ನು ತರಗತಿಯಲ್ಲಿ ಓದಿದವನೂ ನಾನೇ. ಎರಡು ಪಟ್ಟಿ — ಮುಂದುವರಿದ ಕಲಿಕೆಯವರು, ಮಂದಗತಿಯ ಕಲಿಕೆಯವರು. ಮೊದಲನೆಯವರಿಗೆ ಸಂಜೆ ನಾಲ್ಕಕ್ಕೆ ಹೆಡ್ ಸರ್ ಜೊತೆ ಸಂಶೋಧನಾ ಗುಂಪು, ಮುಂದೆ ಪಿಎಚ್.ಡಿ. ದಾರಿ ತೆರೆಯುವುದು ಅಲ್ಲಿಂದಲೇ. ಎರಡನೆಯವರಿಗೆ ಅದೇ ನಾಲ್ಕಕ್ಕೆ, ಮುರಿದ ಕುರ್ಚಿ ಒಟ್ಟಿದ ಮೂಲೆಯ ಕೋಣೆಯಲ್ಲಿ ಪರಿಹಾರ ಬೋಧನೆ. ಬೋಧಿಸುವವನು ನಾನು. ನಿಮ್ಮ ಹೆಸರನ್ನು ಎರಡನೆಯ ಪಟ್ಟಿಯಲ್ಲಿ ಓದಿದಾಗ ನೀವು ಮೊದಲು ಹಿಂದಕ್ಕೆ ತಿರುಗಿ ನೋಡಿದಿರಿ, ಆ ಹೆಸರಿನವರು ಇನ್ನೊಬ್ಬರು ಇರಬಹುದು ಎಂಬಂತೆ. ಇರಲಿಲ್ಲ. ಆಮೇಲೆ ಕಾಲೂರಿದ ಜಾಗವನ್ನೇ ನೋಡುತ್ತ ನಿಂತಿರಿ. ಮಧ್ಯಾಹ್ನ ನನ್ನ ಹತ್ತಿರ ಬಂದು ಪೇಪರು ಒಮ್ಮೆ ನೋಡಬಹುದೇ ಎಂದು ಕೇಳಿದಿರಿ. ಆಫೀಸಿನವರು ಸೀಲು ಹಾಕಿಟ್ಟಿದ್ದಾರೆ, ತೆಗೆಯಲು ಬರುವುದಿಲ್ಲ ಎಂದೆ. ಪೇಪರು ಆಗ ನನ್ನ ಬಗಲಿನ ಚೀಲದಲ್ಲಿತ್ತು.

ನಿಮ್ಮ ಮನೆಯ ವಿಷಯ ಹೇಗೋ ಹೊರಗೆ ಬಿತ್ತು. ಹೇಗೋ ಏನು — ಹಿನ್ನೆಲೆ ಪತ್ರಗಳು ನನ್ನ ಮೇಜಿನ ಮೇಲೆ ತೆರೆದು ಬಿದ್ದಿರುತ್ತಿದ್ದವು. ವಾರದೊಳಗೆ ನಮ್ಮ ನಾಲ್ಕು ಗಂಟೆಯ ಪಾಠಕ್ಕೆ ಪಂಕ್ಚರ್ ಕ್ಲಾಸು ಎಂದು ಹೆಸರಾಯಿತು. ಸಂಶೋಧನಾ ಗುಂಪಿನ ಹುಡುಗನೊಬ್ಬ ವರಾಂಡದಲ್ಲಿ ನಿಮ್ಮನ್ನು ತಡೆದು ಹೇಳಿದ್ದು ನೆನಪಿದೆಯೇ?

"ಏನ್ರಿ, ಪಂಕ್ಚರ್ ತಗಿಸ್ಕೊಳ್ಳಾಕ ಹೊಂಟ್ರೇನು?"

"ನಂದು ಪಂಕ್ಚರ್ರಿ. ನಿಮ್ಮ ತಲ್ಯಾಗ ಗಾಳಿ ಭಾಳ ಐತಿ, ಬಿಸಿಲಾಗ ನಿಂದರಬ್ಯಾಡ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಾನು ನಕ್ಕದ್ದು ನಿಮ್ಮ ಮಾತಿಗಲ್ಲ, ಅವನ ಮಾತಿಗೆ; ನಿಮ್ಮ ಉತ್ತರ ಬರುವ ಮೊದಲು. ನೀವು ಅದನ್ನು ನೋಡಿದಿರಿ. ಆಮೇಲೆ ಯಾರು ಏನೆಂದರೂ ನೀವು ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ.

ಎರಡು ತಿಂಗಳು ಕಳೆದಿರಬೇಕು. ಪಾಠ ಮುಗಿದ ಮೇಲೆ ಎಲ್ಲರೂ ಹೋಗಿ, ನೀವೊಬ್ಬರೇ ಬಾಗಿಲ ಹತ್ತಿರ ನಿಂತಿರಿ. ವಾರಕ್ಕೊಂದು ದಿನ ಸಂಶೋಧನಾ ಗುಂಪಿನಲ್ಲಿ ಹಿಂದೆ ಕೂತು ಕೇಳಬಹುದೇ ಎಂದಿರಿ, ಮಾತಾಡುವುದಿಲ್ಲ, ಬರೀ ಕೇಳುತ್ತೇನೆ ಎಂದಿರಿ. ನನ್ನ ಮುಂದೆ ಆ ಹೊತ್ತಿಗೆ ಎರಡು ದಾರಿ ಇದ್ದವು. ಹೂಂ ಎಂದಿದ್ದರೆ ಹೆಡ್ ಸರ್ ಎದುರು ನೀವು ಒಂದು ದಿನ ಬಾಯಿ ತೆರೆಯುತ್ತಿದ್ದಿರಿ. ಮೊದಲು ನೋಡಿದ ನಲವತ್ತೊಂದು ಅವರಿಗೆ ನೆನಪಾಗಿ, ಈಕೆಗೆ ಹದಿನಾಲ್ಕು ಹೇಗಾಯಿತು ಎಂದು ನನ್ನ ಕಡೆ ತಿರುಗುತ್ತಿದ್ದರು. ಹಾಗಾಗಿ ನಾನು ಹೇಳಿದೆ:

"ಓದೂದು ನಿಮಗ ಬರ್ತೈತ್ರಿ. ವಿಚಾರ ಮಾಡೂದು ಇನ್ನ ಬರಬೇಕು. ಗ್ಯಾರೇಜಿನ ಮಾತು ಗ್ಯಾರೇಜಿನ್ಯಾಗ ಬಿಟ್ಟು ಬರ್ರಿ."

ಮೆತ್ತಗೆ ಹೇಳಿದೆ. ಹಿತೈಷಿಯ ದನಿಯಲ್ಲಿ. ನನ್ನ ಎಲ್ಲ ಭಾಷಣಗಳಲ್ಲಿ ಅದಕ್ಕಿಂತ ಚೆನ್ನಾಗಿ ಹೇಳಿದ ವಾಕ್ಯ ಇನ್ನೊಂದಿಲ್ಲ. ನೀವು ಚೀಲದಿಂದ ನೋಟ್‌ಬುಕ್ಕು ತೆಗೆದು ಅದನ್ನು ಬರೆದುಕೊಂಡಿರಿ.

ಬರೆದುಕೊಳ್ಳಬಾರದಿತ್ತು, ನಸೀಮಾ. ಜಗಳ ತೆಗೆಯಬೇಕಿತ್ತು. ಎದುರು ವಾದಿಸಿದವರಿಗೆ ನಾನು ಮಣಿಯುತ್ತೇನೆ — ಇಲ್ಲ. ನೋಡಿ, ಇಲ್ಲೂ ನಿಮ್ಮ ತಪ್ಪು ಹುಡುಕುತ್ತಿದ್ದೇನೆ. ಆ ವಾಕ್ಯವನ್ನು ಹೊಡೆದುಹಾಕುವುದಿಲ್ಲ. ಇಂಥವನು ನಾನು ಎಂದು ತಿಳಿಯಲು ಇರಲಿ.

ಅಂದಿನಿಂದ ನೀವು ಗ್ಯಾರೇಜನ್ನು ಬಿಟ್ಟು ಬರತೊಡಗಿದಿರಿ. ನಿಮ್ಮ ಬರಹದಿಂದ ಮೊದಲು ಟೈರು ಹೋಯಿತು, ಆಮೇಲೆ ಅಬ್ಬಾ, ಆಮೇಲೆ ನಿಮ್ಮ ಅಮ್ಮಿ, ಗಬ್ಬೂರಿನ ಓಣಿ, ಎಲ್ಲ. ನಾನು ಬರೆಸಿದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದಿರಿ. ಗಬ್ಬೂರಿನಿಂದ ಹುಬ್ಬಳ್ಳಿಗೊಂದು ಬಸ್ಸು, ಅಲ್ಲಿಂದ ಧಾರವಾಡಕ್ಕೆ ಇನ್ನೊಂದು — ಎರಡರಲ್ಲೂ ನಿಂತುಕೊಂಡೇ ಓದುತ್ತೀರಿ ಎಂದು ನಿಮ್ಮ ಗೆಳತಿಯೊಬ್ಬಳು ಹೇಳಿದಳು. ನಾನು ಅದನ್ನು ಮೆಚ್ಚಿ ತರಗತಿಯಲ್ಲಿ ಉದಾಹರಣೆ ಕೊಟ್ಟೆ. ಎರಡನೆಯ ವರ್ಷಕ್ಕೆ ನೀವು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಿರಿ. ವಿಭಾಗದ ದಾಖಲೆಯಲ್ಲಿ ಅದಕ್ಕೆ ಶಿಸ್ತು ಎಂದು ಬರೆದಿದ್ದೇನೆ.

ಕೊನೆಯ ಸೆಮಿಸ್ಟರಿನಲ್ಲಿ ಅದೇ ಪ್ರಶ್ನೆ, ಅದೇ ಒಂದು ತಾಸು. ಈ ಸಲ ನೀವು ಚರ್ಚಿಸಿದಿರಿ. ಆರು ಪುಟ. ಬಡತನ, ಇಂಗ್ಲಿಷು, ದೂರದ ಹಳ್ಳಿ, ಓದು ಬರದ ತಾಯ್ತಂದೆ. ಒಂದು ಕಾಗುಣಿತದ ತಪ್ಪಿಲ್ಲ, ಅರ್ಧಕ್ಕೆ ನಿಂತ ವಾಕ್ಯವಿಲ್ಲ, ಮತ್ತು ಓದಲು ನನ್ನದೇ ದನಿ. ಇಡೀ ಆರು ಪುಟದಲ್ಲಿ ಟೈರು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ನಲವತ್ನಾಲ್ಕು ಕೊಟ್ಟೆ. ಚಾರ್ಟಿನಲ್ಲಿ ಎಲ್ಲರಿಗಿಂತ ಉದ್ದದ ಗೆರೆ ನಿಮ್ಮದಾಯಿತು. ಅತಿ ಕೆಳಗಿನ ಹಿನ್ನೆಲೆ, ಅತಿ ದೊಡ್ಡ ಏರಿಕೆ. ವಿಚಾರ ಮಾಡುವ ಹುಡುಗಿಯೊಬ್ಬಳು ಬಾಯಿಪಾಠ ಒಪ್ಪಿಸುವವಳಾದದ್ದನ್ನು ಆ ಗೆರೆ ಹತ್ತುತ್ತಾ ಹತ್ತುತ್ತಾ ತೋರಿಸುತ್ತಿತ್ತು.

ಸಮಿತಿ ಬಂದ ದಿನ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿದ್ದು ನನ್ನದೇ ಸಲಹೆ. ನೀವು ಹಸಿರು ದುಪಟ್ಟಾ ಹೊದ್ದು ಬಂದಿದ್ದಿರಿ, ಬರೆದು ತಂದ ಚೀಟಿಯನ್ನು ನೋಡದೆ ಹೇಳಿದಿರಿ:

"ನಾ ಬಂದಾಗ ಭಾಳ ಮಂದ ಇದ್ನಿರಿ. ನಮ್ಮ ಮನ್ಯಾಗ ಯಾರೂ ಓದಿದವರಿಲ್ಲರಿ, ನನಗ ವಿಚಾರ ಮಾಡಾಕ ಬರ್ತಿರಲಿಲ್ಲ. ಆನಂದ ಸರ್ ತಿದ್ದಿದ್ರು."

ಸಮಿತಿಯ ಹಿರಿಯರೊಬ್ಬರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ನಿಮ್ಮ ಅಬ್ಬಾ ಕೂತಿದ್ದರು — ಆ ದಿನ ಪಾಲಕರನ್ನೂ ಕರೆದಿದ್ದೆವು. ಮಗಳು ತಾನು ಮಂದ ಇದ್ದೆ, ಮನೆಯೇ ಅದಕ್ಕೆ ಕಾರಣ ಎಂದು ಹೇಳಿದ್ದನ್ನು ಕೇಳಿ ಅವರೂ ಚಪ್ಪಾಳೆ ತಟ್ಟಿದರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಬಿಸಿ ಟೈರು ಮುಟ್ಟಿ ತಿಳಿಯುವ ಕೈ ಅದು. ನನ್ನ ಕೈ ಮುಟ್ಟಿ ಅವರಿಗೆ ಏನೂ ತಿಳಿಯಲಿಲ್ಲ.

ಪಿಎಚ್.ಡಿ.ಗೆ ಅರ್ಜಿ ಹಾಕಲೇ ಎಂದು ನೀವು ಕೇಳಿದ್ದು ಅದಾದ ಒಂದು ತಿಂಗಳಿಗೆ. ನಾನು ಬೇಡ ಎನ್ನಲಿಲ್ಲ. ನೀವೇ ವಿಚಾರ ಮಾಡಿ ನೋಡಿ ಎಂದೆ. ನಿಮಗೆ ಅದೊಂದು ಬರುವುದಿಲ್ಲ ಎಂದು ಎರಡು ವರ್ಷ ಕಲಿಸಿದ ಮೇಲೆ, ಅದನ್ನೇ ಮಾಡಿ ಎಂದೆ. ನೀವು ಅರ್ಜಿ ಹಾಕಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹ ಇರುತ್ತಿರಲಿಲ್ಲ. ಇದನ್ನೂ ಒಪ್ಪಿಕೊಳ್ಳುತ್ತೇನೆ — ನನ್ನ ಮನಸ್ಸಾಕ್ಷಿ ತಾನಾಗಿ ಎದ್ದದ್ದಲ್ಲ. ಹೋದ ತಿಂಗಳು ಬೆಂಗೇರಿಯ ಪಿಯು ಕಾಲೇಜೊಂದಕ್ಕೆ ಚರ್ಚಾಸ್ಪರ್ಧೆಯ ನಿರ್ಣಾಯಕನಾಗಿ ಹೋಗದಿದ್ದರೆ ನಾನು ಈಗಲೂ ಸುಖವಾಗಿರುತ್ತಿದ್ದೆ. ನೀವು ಅಲ್ಲಿ ಸಮಾಜಶಾಸ್ತ್ರ ಕಲಿಸುತ್ತೀರಿ ಎಂದು ನನಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿ ಓಡಿ ಬಂದಿರಿ, ಸ್ಟಾಫ್ ರೂಮಿಗೆ ಕರೆದೊಯ್ದು ಎಲ್ಲರಿಗೂ ನನ್ನ ಗುರುಗಳು ಎಂದು ಪರಿಚಯಿಸಿದಿರಿ. ಸ್ಪರ್ಧೆಗೆ ಇನ್ನೂ ಹೊತ್ತಿತ್ತು. ನನ್ನ ಕ್ಲಾಸು ನೋಡಿ ಬರ್ರಿ ಸರ್, ನಿಮ್ಮ ಪದ್ಧತಿಯನ್ನೇ ಇಟ್ಟುಕೊಂಡಿದ್ದೇನೆ ಎಂದಿರಿ. ಮೊದಲ ವಾರ ಹಿನ್ನೆಲೆ ಪತ್ರ, ಒಂದು ಪ್ರಬಂಧ, ಎರಡು ಪಟ್ಟಿ. ಎರಡನೆಯ ಪಟ್ಟಿಯವರಿಗೆ ಸಂಜೆ ಬೇರೆ ಪಾಠ, ಒಂದು ಪೈಸೆ ತೆಗೆದುಕೊಳ್ಳದೆ, ನಿಮ್ಮ ಸ್ವಂತ ಸಮಯದಲ್ಲಿ. ನೀವು ಅದನ್ನು ಪ್ರೀತಿಯಿಂದ ಮಾಡುತ್ತೀರಿ. ಅದೇ ನನ್ನನ್ನು ಕೊಂದದ್ದು — ನಾನು ಹೊಟ್ಟೆಕಿಚ್ಚಿನಿಂದ ಮಾಡಿದ್ದನ್ನು ನೀವು ಪ್ರೀತಿಯಿಂದ ಮಾಡುತ್ತೀರಿ.

ಶ್ರಮವಿಭಜನೆಯ ಪಾಠ. ಎರಡು ಜಡೆಯ ಒಂದು ಹುಡುಗಿ ಹಿಂದಿನ ಬೆಂಚಿನಿಂದ ಎದ್ದು ಉತ್ತರ ಹೇಳಿದಳು. ಅವಳ ಅವ್ವ ಓಣಿಯ ರೊಟ್ಟಿ ಕೇಂದ್ರದಲ್ಲಿ ರೊಟ್ಟಿ ಬಡಿಯುತ್ತಾಳಂತೆ. ಒಬ್ಬಾಕೆ ಹಿಟ್ಟು ನಾದುತ್ತಾಳೆ, ಒಬ್ಬಾಕೆ ಬಡಿಯುತ್ತಾಳೆ, ಒಬ್ಬಾಕೆ ಬೇಯಿಸುತ್ತಾಳೆ, ಒಬ್ಬಾಕೆ ಎಣಿಸಿ ಕಟ್ಟುತ್ತಾಳೆ. ಆ ಹುಡುಗಿ ಕೇಳಿದಳು:

"ಬೆಂಕಿ ಮುಂದ ಕುಂತಾಕಿಗಿಂತ ಎಣಸಾಕಿಗೆ ಪಗಾರ ಯಾಕ ಹೆಚ್ಚರಿ ಟೀಚರ್?"

ನೀವು ನನ್ನ ಕಡೆ ಒಮ್ಮೆ ನೋಡಿ ನಕ್ಕಿರಿ, ಹೆಮ್ಮೆಯಿಂದ. ಆಮೇಲೆ ಅವಳ ಬೆಂಚಿನ ತನಕ ನಡೆದು ಹೋಗಿ, ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ ಹೇಳಿದಿರಿ:

"ಓದೂದು ನಿನಗ ಬರ್ತೈತವ್ವಾ. ವಿಚಾರ ಮಾಡೂದು ಇನ್ನ ಬರಬೇಕು. ರೊಟ್ಟಿ ಮಾತು ಮನ್ಯಾಗಿರಲಿ."

ಆ ಹುಡುಗಿ ಪೆನ್ನು ತೆಗೆದು ಬರೆದುಕೊಂಡಳು.

ನಾನು ಅಲ್ಲೇ ಹೇಳಬಹುದಿತ್ತು. ಅದರ ಬದಲು ನೀವು ಕೊಟ್ಟ ಚಹಾ ಕುಡಿದೆ. ಸ್ಪರ್ಧೆಯಲ್ಲಿ ಕೂತು ಹದಿನಾರು ಹದಿನೇಳರ ಮಕ್ಕಳಿಗೆ ವಿಷಯ ಮಂಡನೆಗೆ ಇಷ್ಟು, ಉಚ್ಚಾರಕ್ಕೆ ಇಷ್ಟು ಎಂದು ಅಂಕ ಹಾಕಿದೆ. ಕೊನೆಗೆ ಎರಡು ಮಾತಾಡಿ ಎಂದರು. ಸತ್ಯವನ್ನು ಹುಡುಕುವ ಬಗ್ಗೆ ಮಾತಾಡಿದೆ. ನೀವು ಮುಂದಿನ ಸಾಲಿನಲ್ಲಿ ಕೂತು ಅದನ್ನೂ ಬರೆದುಕೊಂಡಿರಿ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಹಿತ್ತಲಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಪೂರ್ತಿ ಕೇಳಿದರು, ನಡುವೆ ಒಂದು ಪ್ರಶ್ನೆ ಕೇಳಲಿ ಎಂದು ನಾನು ಕಾಯುತ್ತಿದ್ದೆ. ಪ್ರಶ್ನೆ ಬಂದರೆ ಉತ್ತರ ಕೊಡಬಹುದು. ನೀರಿನ ಪೈಪು ಒಂದೇ ಗಿಡದ ಬುಡದಲ್ಲಿ ಹರಿಯುತ್ತಲೇ ಇತ್ತು.

"ನಮ್ಮ ಮಾಸ್ತರ ತೀರಿಕೊಂಡು ಭಾಳ ವರ್ಷ ಆತು," ಎಂದರು. "ಅವರ ಕುರ್ಚಿ ಖಾಲಿ ಐತಿ ಅನ್ಕೊಂಡಿದ್ದೆ."

ಒಳಗೆ ಹೋದರು. ಅಂದಿನಿಂದ ಊಟದ ಹೊತ್ತಿಗೆ ಆ ಮಾಸ್ತರರ ಕತೆ ತೆಗೆದಿಲ್ಲ. ನಾನಿರುವ ಮನೆಯಲ್ಲಿ ಅದನ್ನು ಹೇಳುವುದು ಅವರಿಗೆ ಈಗ ಸಾಧ್ಯವಿಲ್ಲ ಎಂದು ಕಾಣುತ್ತದೆ. ಅವರ ಒಂದೇ ಒಂದು ದುಃಖವಾಗಿತ್ತು ಅದು. ಅದನ್ನೂ ನಾನು ಕಸಿದುಕೊಂಡೆ.

ನನ್ನ ಪಿಎಚ್.ಡಿ.ಯ ಮೂರನೆಯ ಅಧ್ಯಾಯ ನಿಂತಿರುವುದು ಆ ಚಾರ್ಟಿನ ಮೇಲೆ, ನಿಮ್ಮ ಉದ್ದದ ಗೆರೆಯ ಮೇಲೆ. ಆ ಅಧ್ಯಾಯವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು, ಏಕೆ ಎಂದೂ, ವಿಭಾಗಕ್ಕೆ ಬರೆದು ಕೊಟ್ಟಿದ್ದೇನೆ. ಹೆಡ್ ಸರ್ ಓದಿ, ಕನ್ನಡಕ ತೆಗೆದಿಟ್ಟು, ಇದರಿಂದ ಈಗ ಯಾರಿಗೆ ಏನು ಲಾಭ ಎಂದು ಕೇಳಿದರು. ಎದ್ದು ಬಂದೆ. ನನ್ನ ಸೀಟು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಳಿದರೂ ಹೋದರೂ ಅದು ನಿಮಗೆ ಸೀಟು ಕೊಟ್ಟಂತೆ ಆಗುವುದಿಲ್ಲ. ಆ ವಯಸ್ಸು, ಆ ಧೈರ್ಯ, ವರಾಂಡದಲ್ಲಿ ಥಟ್ಟನೆ ಬಂದ ಆ ಉತ್ತರ — ಇವನ್ನು ಹಿಂದಿರುಗಿಸುವ ಯಾವ ಅರ್ಜಿಯೂ ಇಲ್ಲ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಾನು ನಿಮ್ಮನ್ನು ಹಾಗೆ ತಯಾರು ಮಾಡಿದ್ದೇನೆ.

ಇದರ ಜೊತೆ ನಿಮ್ಮ ಮೊದಲ ಪೇಪರು ಇಟ್ಟಿದ್ದೇನೆ. ಹಳೆಯ ಉತ್ತರಪತ್ರಿಕೆಗಳನ್ನು ಹರಿದು ಹಾಕುವ ದಿನ ನಿಮ್ಮದನ್ನು ಮಾತ್ರ ಬೇರೆ ತೆಗೆದುಕೊಂಡಿದ್ದೆ. ಪಶ್ಚಾತ್ತಾಪದಿಂದ ಅಲ್ಲ, ಸಾಕ್ಷಿ ಇನ್ನೊಬ್ಬರ ಕೈಗೆ ಸಿಗದಿರಲಿ ಎಂದು. ಆದರೆ ಹರಿಯಲು ಹೋದಾಗಲೆಲ್ಲ ಓದಿದೆ, ಓದಿದ ಮೇಲೆ — ಇರಲಿ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಕೆಂಪು ಹದಿನಾಲ್ಕರ ಕೆಳಗೆ ರಬ್ಬರು ತಿಕ್ಕಿ ತೆಳುವಾದ ಜಾಗದಲ್ಲಿ ಪೆನ್ಸಿಲಿನ ಒತ್ತು ಇನ್ನೂ ಕಾಣುತ್ತದೆ. ಅದಕ್ಕೆ ಮತ್ತೆ ಅಂಕ ಹಾಕಿಲ್ಲ. ಆ ಕೆಲಸ ಇನ್ನು ನನ್ನದಲ್ಲ.

ಎರಡನೆಯ ಪುಟದ ಕೊನೆಯಲ್ಲಿ ನೀವು ಬರೆದದ್ದು ಹೀಗಿದೆ: "ಅಳೆಯುವ ಮೊದಲು ಎಷ್ಟು ದೂರದಿಂದ ಬಂದೆ ಎಂದು ಕೇಳಬೇಕು. ಕೇಳಿದ ಮೇಲೆ, ತಣ್ಣಗಾಗುವವರೆಗೆ ಕಾಯಬೇಕು." ಅದರ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಒಂದು ಪದವಿದೆ: ಅಪ್ರಸ್ತುತ. ಆ ಕೈಬರಹ ನನ್ನದು.